ಸೋತ ರಾತ್ರಿಯ ಊಟ

ನಮ್ಮ ಪಿ.ಟಿ. ಸರ್ ನೌಕರಿ ಮಾಡಿದ್ದು ಮೂರೇ ತಾಲ್ಲೂಕಿನಲ್ಲಿ. ಮೊದಲು ಆಳಂದ, ಆಮೇಲೆ ಅಫಜಲಪುರ, ಕೊನೆಗೆ ನಮ್ಮ ಜೇವರ್ಗಿ. ಎಲ್ಲಿಗೆ ವರ್ಗವಾದರೂ ಅವರ ಸಾಮಾನಿನ ಜೊತೆ ಒಂದು ಬಾಸ್ಕೆಟ್‌ಬಾಲ್ ರಿಂಗ್ ಬರುತ್ತಿತ್ತು. ಕಬಡ್ಡಿ, ಖೋಖೋ ಬಿಟ್ಟರೆ ಬೇರೆ ಆಟ ಕಾಣದ ನಮಗೆ ಅದು ಸರ್ಕಸ್ಸಿನವರ ಸಾಮಾನಿನಂಗ ಕಂಡಿತ್ತು.

ನಮ್ಮ ಕಡೆ ಎರೆ ಭೂಮಿ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬಿರುಕು. ಅದರ ಮೇಲೆ ಚೆಂಡು ಪುಟಿಯೋದೆಲ್ಲಿಂದ ಬಂತು? ಸರ್ ಯಾರ್ಯಾರನ್ನೋ ಕೇಳಿ ಒಂದು ಟ್ರ್ಯಾಕ್ಟರ್ ಶಹಾಬಾದ್ ಫರ್ಸಿ ತರಿಸಿ, ನಮ್ಮ ಕೈಯಿಂದಲೇ ಹಾಸಿಸಿದರು. ಎರಡು ಕಲ್ಲಿನ ಸಂದಿಗೆ ಬಿದ್ದ ಚೆಂಡು ಎತ್ತ ಹಾರುತ್ತದೋ ದೇವರಿಗೇ ಗೊತ್ತು. ಅಂಥ ಅಂಗಳದಲ್ಲಿ ಆಡಿ ನಾವು ಕಲಬುರಗಿಯ ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋದೆವು.

ಕೊನೆಯ ಕ್ಷಣ. ನಾವು ಒಂದು ಪಾಯಿಂಟ್ ಹಿಂದಿದ್ದೆವು. ನನಗೆ ಎರಡು ಫ್ರೀ ಥ್ರೋ ಸಿಕ್ಕವು. ಎರಡೂ ತಪ್ಪಿದವು. ಪಂದ್ಯ ಹೋಯಿತು.

ನಾನು ಬ್ಯಾಗಿನಲ್ಲಿ ಮುಖ ಹುದುಗಿಸಿ ಕೂತಿದ್ದೆ. ಸರ್ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಎಲ್ಲರನ್ನೂ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಗೆ ಕರೆದುಕೊಂಡು ಹೋದರು. ನನ್ನನ್ನು ತಮ್ಮ ಪಕ್ಕಕ್ಕೇ ಕೂರಿಸಿಕೊಂಡರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. “ಮೊದ್ಲ ಉಣ್ಣು, ರೊಟ್ಟಿ ಆರ್ತದ” ಅಂದರು, ಅಷ್ಟೇ. ವಾಪಸ್ ಬರುವಾಗ ಬಸ್ಸು ಭೀಮಾ ನದಿ ದಾಟುವ ಹೊತ್ತಿಗೆ ಹುಡುಗರು ನನ್ನ ಫ್ರೀ ಥ್ರೋವನ್ನೇ ನಕಲು ಮಾಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಇದೆಲ್ಲ ಮರೆತೇ ಹೋಗಿತ್ತು. ಈಗ ನಾನು ಬೆಂಗಳೂರಿನಲ್ಲಿ ಎಂಟು ಜನರ ಟೀಮ್ ಲೀಡ್. ಕೆಲ ತಿಂಗಳ ಹಿಂದೆ ನಮ್ಮದೊಂದು ರಿಲೀಸ್ ರಾತ್ರೋರಾತ್ರಿ ಕೆಟ್ಟು, ಕ್ಲೈಂಟ್ ಸಿಟ್ಟಾದರು. ಬೆಳಗಿನ ಮೀಟಿಂಗಿನಲ್ಲಿ ಮೇಲಿನವರೆಲ್ಲ ಇದ್ದಾಗ, “ಯಾರು ಮಾಡಿದ್ದು?” ಅಂದ ಕೂಡಲೇ ನನ್ನ ಬಾಯಿಂದ ಒಬ್ಬ ಹುಡುಗನ ಹೆಸರು ಬಂತು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು ಅವನಿಗೆ. ಅವನು ಬರೆದದ್ದನ್ನು ಪೂರ್ತಿ ನೋಡದೆ ಓಕೆ ಮಾಡಿದ್ದು ನಾನೇ. ಆ ಮಾತು ಮಾತ್ರ ಬಾಯಿಂದ ಬರಲಿಲ್ಲ. ಅವನು ಕ್ಯಾಮೆರಾ ಆಫ್ ಮಾಡಿದ. ಮರುದಿನ ರಜೆ ಹಾಕಿದ.

ಅದೇ ಹೊತ್ತಿಗೆ, 2025ರ ಮೇ ತಿಂಗಳಲ್ಲಿ, ಗ್ರೆಗ್ ಪೊಪೊವಿಚ್ ಕೋಚ್ ಹುದ್ದೆ ಬಿಟ್ಟ ಸುದ್ದಿ ಬಂತು. ಎನ್‌ಬಿಎ ನೋಡುವವರಿಗೆ ಈ ಹೆಸರು ಗೊತ್ತೇ ಇರುತ್ತದೆ. ಹಿಂದಿನ ನವೆಂಬರ್‌ನಲ್ಲಿ ಅವರಿಗೆ ಪಾರ್ಶ್ವವಾಯು ಆಗಿತ್ತು. ಕೋಚ್ ಆಗಿ 1,422 ಗೆಲುವು. ಎನ್‌ಬಿಎಯಲ್ಲಿ ಯಾರೂ ಅಷ್ಟು ಗೆದ್ದಿಲ್ಲ. ಈಗಲೂ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಆಡಳಿತದ ಅಧ್ಯಕ್ಷರಾಗಿ ಉಳಿದಿದ್ದಾರೆ.

ಆ ರಾತ್ರಿ ಕೂತು ಅವರ ಬಗ್ಗೆ ಓದಿದೆ. ಮುಖ್ಯ ಕೋಚ್ ಆಗಿ ಅವರ ಶುರುವಾತು 1979ರಲ್ಲಿ, ಕ್ಯಾಲಿಫೋರ್ನಿಯಾದ ಪೊಮೋನಾ-ಪಿಟ್ಜರ್ ಎಂಬ ಸಣ್ಣ ಕಾಲೇಜು ತಂಡದಲ್ಲಿ. ಮೊದಲ ಸೀಸನ್ನಿನಲ್ಲಿ 2 ಗೆಲುವು, 22 ಸೋಲು. 1994ರಲ್ಲಿ ಸ್ಪರ್ಸ್ ಜನರಲ್ ಮ್ಯಾನೇಜರ್ ಆದರು. 1996ರ ಡಿಸೆಂಬರ್‌ನಲ್ಲಿ ಇದ್ದ ಕೋಚನ್ನು ತೆಗೆದು ತಾವೇ ಆ ಜಾಗದಲ್ಲಿ ಕೂತಾಗ ಅಭಿಮಾನಿಗಳು ಬೈದರು. ಆ ಸೀಸನ್ನಿನ 82 ಪಂದ್ಯಗಳಲ್ಲಿ ತಂಡ 62 ಸೋತಿತು. ಮರುವರ್ಷ ಟಿಮ್ ಡಂಕನ್ ಬಂದ. ಆಮೇಲೆ 1999, 2003, 2005, 2007, 2014, ಒಟ್ಟು ಐದು ಸಲ ಚಾಂಪಿಯನ್.

ಸ್ಪರ್ಸ್ ಡ್ರೆಸ್ಸಿಂಗ್ ರೂಮಿನಲ್ಲಿ ಕಲ್ಲು ಒಡೆಯುವವನ ಬಗ್ಗೆ ಒಂದು ಮಾತನ್ನು ಆಟಗಾರರ ಬೇರೆ ಬೇರೆ ಭಾಷೆಗಳಲ್ಲಿ ತೂಗುಹಾಕಿದ್ದಾರಂತೆ. ನೂರು ಏಟಿಗೂ ಬಿರುಕು ಬಿಡದ ಕಲ್ಲು ನೂರಾ ಒಂದನೆಯದಕ್ಕೆ ಸೀಳಿದರೆ, ಅದು ಹಿಂದಿನ ನೂರು ಏಟಿನ ಕೆಲಸವೂ ಹೌದು ಅಂತ ಅದರ ಅರ್ಥ. ಫರ್ಸಿ ಖಣಿಯ ಸೀಮೆಯಿಂದ ಬಂದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನನ್ನನ್ನು ನಿಲ್ಲಿಸಿದ್ದು 2013ರ ಜೂನ್ 18ರ ರಾತ್ರಿ. ಮಯಾಮಿಯಲ್ಲಿ ಫೈನಲ್ ಸರಣಿಯ ಆರನೇ ಪಂದ್ಯ. ಗೆದ್ದರೆ ಟ್ರೋಫಿ. ಇನ್ನು 28 ಸೆಕೆಂಡ್ ಇರುವಾಗ ಸ್ಪರ್ಸ್ 5 ಪಾಯಿಂಟ್ ಮುಂದಿತ್ತು. ಆದರೆ 5.2 ಸೆಕೆಂಡ್ ಉಳಿದಾಗ ಮಯಾಮಿ ಹೀಟ್ ತಂಡದ ರೇ ಅಲೆನ್ ಮೂರು ಪಾಯಿಂಟಿನ ಚೆಂಡು ಹಾಕಿ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಸ್ಪರ್ಸ್ 103-100ರಿಂದ ಸೋತಿತು.

ಗೆಲುವಿನ ಊಟಕ್ಕೆ ಅಂತ ಒಂದು ಹೋಟೆಲ್ ಮೊದಲೇ ಬುಕ್ ಆಗಿತ್ತು. ಯಾರಿಗೆ ಬೇಕಿತ್ತು ಆ ಊಟ? ಪೊಪೊವಿಚ್ ಎಲ್ಲರೂ ಅಲ್ಲಿಗೇ ಬರಬೇಕು ಅಂದರು. ತಾವು ಮುಂಚೆಯೇ ಹೋಗಿ, ಎಲ್ಲರೂ ಒಟ್ಟಿಗೆ ಕೂರುವ ಹಾಗೆ ಟೇಬಲ್ ಜೋಡಿಸಿಸಿದರು. ಒಬ್ಬೊಬ್ಬರ ಹತ್ತಿರ ಹೋಗಿ ಮಾತಾಡಿಸಿದರು. ಏಳನೇ ಪಂದ್ಯವನ್ನೂ ಅವರು ಸೋತರು. ಮುಂದಿನ ವರ್ಷ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿದರು.

ನನಗೆ ಖಾನಾವಳಿ ನೆನಪಾಯಿತು. ಬೆಳಿಗ್ಗೆ ಸರ್‌ಗೆ ಫೋನ್ ಮಾಡಿದೆ. ರಿಟೈರಾಗಿ ಊರಲ್ಲಿ ತೊಗರಿ ಹೊಲ ನೋಡಿಕೊಂಡಿದ್ದಾರೆ.

“ಆರಾಮ ಅದೀ ಏನೋ ತಮ್ಮಾ?”

ಆವತ್ತು ಯಾಕೆ ಸರ್ ಬೈಯಲಿಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಫ್ರೀ ಥ್ರೋ ಪ್ರಾಕ್ಟೀಸ್ ನಾ ಕಮ್ಮಿ ಮಾಡ್ಸಿದ್ದೆ. ತಪ್ಪು ನಂದಿತ್ತು. ಹುಡುಗುರ ಮುಂದ ಅದನ್ನ ಹೇಳ್ಲಾಕ ಬಾಯಿ ಬರ್ಲಿಲ್ಲ. ಊಟಾನಾದ್ರೂ ಹಾಕ್ಸೋಣ ಅಂದೆ.”

ನನಗೆ ಗಂಟಲು ಕಟ್ಟಿತು.

ಆ ದಿನ ಆಫೀಸಿಗೆ ಹೋಗಿ, ಮೀಟಿಂಗಿನಲ್ಲಿದ್ದ ಎಲ್ಲರಿಗೂ ಮೇಲ್ ಹಾಕಿದೆ: ನೋಡದೆ ಓಕೆ ಮಾಡಿದ್ದು ನಾನು, ಹೊಣೆ ನನ್ನದು. ಕಳಿಸುವಾಗ ಕೈ ನಡುಗಿತು, ಸುಳ್ಳು ಹೇಳಲ್ಲ. ಆ ವರ್ಷದ ರೇಟಿಂಗೂ ಇಳಿಯಿತು.

ಸಂಜೆ ಇಡೀ ಟೀಮನ್ನು ಉತ್ತರ ಕರ್ನಾಟಕದ ಒಂದು ಖಾನಾವಳಿಗೆ ಕರೆದೆ. ಆ ಹುಡುಗ ಬರುತ್ತಾನೋ ಇಲ್ಲವೋ ಅನ್ನುವ ಅಳುಕಿತ್ತು. ತಡವಾಗಿ ಬಂದ, ಮೂಲೆಯ ಕುರ್ಚಿ ಹುಡುಕಿದ. ಪಕ್ಕದ ಕುರ್ಚಿ ಎಳೆದು ಕೊಟ್ಟೆ.

“ಸಾರಿ ಕಣೋ. ಮೇಲ್‌ನಲ್ಲಿ ಬರೆದದ್ದನ್ನ ನಾನು ಅವತ್ತೇ ಹೇಳಬೇಕಿತ್ತು” ಅಂದೆ.

ಅವನು ತಲೆ ತಗ್ಗಿಸಿಯೇ ಕೂತಿದ್ದ. ಅಷ್ಟರಲ್ಲಿ ಬಿಸಿ ರೊಟ್ಟಿ ಬಂತು.