ನಾವು ವ್ಯಾಕ್ಯೂಮ್ ಕ್ಲೀನರ್ ಕೊಂಡದ್ದು

ವ್ಯಾಕ್ಯೂಮ್ ಕ್ಲೀನರ್ ಎಂಬ ವಸ್ತುವನ್ನು ನಾವು ಮೊದಲು ಕಂಡದ್ದು 1985ರ ಸುಮಾರಿಗೆ, ಡೊಂಬಿವಲಿಯ ನಮ್ಮ ವನ್ ರೂಮ್ ಕಿಚನ್ ಮನೆಯಲ್ಲಿ. 1982ರಲ್ಲಿ ಹುಟ್ಟಿದ ಯುರೇಕಾ ಫೋರ್ಬ್ಸ್ ಕಂಪೆನಿ ಟೈ ಕಟ್ಟಿದ ಹುಡುಗರನ್ನು ಮನೆಮನೆಗೆ ಕಳುಹಿಸುತ್ತಿದ್ದ ಕಾಲ ಅದು. ಬಂದ ಹುಡುಗ ನಮ್ಮ ಹಾಸಿಗೆಯ ಮೇಲೆ ಯಂತ್ರ ಓಡಿಸಿ, ಎಳೆದ ಧೂಳನ್ನು ಕಾಗದದ ಮೇಲೆ ಸುರಿದು ತೋರಿಸಿದಾಗ ಅಮ್ಮನಿಗೆ ಅವಮಾನವೇ ಆಯಿತು. "ಹಾಗಾದರೆ ನಾನು ದಿನಾ ಗುಡಿಸುವುದು ಎಂತದ್ದು?" ಎಂದರು. ಬೆಲೆ ಕೇಳಿದ ಮೇಲೆ ಹುಡುಗನಿಗೆ ಒಂದು ಲೋಟ ಕಾಫಿಯಲ್ಲದೆ ಬೇರೇನನ್ನೂ ಕೊಡುವ ತ್ರಾಣ ನಮ್ಮಲ್ಲಿ ಉಳಿಯಲಿಲ್ಲ.

ಆ ಯಂತ್ರ ಮತ್ತೆ ನೆನಪಾದದ್ದು 2014ರಲ್ಲಿ. ಪಕ್ಕದ ಹಳೆಯ ಕಟ್ಟಡವನ್ನು ಕೆಡವತೊಡಗಿದ್ದರು. ಎಪ್ಪತ್ತಾರರ ಅಮ್ಮನಿಗೆ ಉಬ್ಬಸ ಏರಿತು. ಡಾಕ್ಟರು ಪೊರಕೆ ಮುಟ್ಟಬೇಡಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದರು. ನೆಲವೇನೋ ಸರಿ, ಹತ್ತಿಯ ಹಾಸಿಗೆಯನ್ನು ಒದ್ದೆ ಮಾಡಿ ಒರೆಸುವುದು ಹೇಗೆ? ಅಮ್ಮ ನಾವು ಏಳುವ ಮೊದಲೇ ಎದ್ದು ಅದನ್ನು ಬಡಿಯುತ್ತಿದ್ದರು, ಆಮೇಲೆ ಮಧ್ಯಾಹ್ನದವರೆಗೆ ಗೋಡೆಗೊರಗಿ ಉಸಿರೆಳೆಯುತ್ತಿದ್ದರು. ಬೈದರೆ, "ಊರಿನಲ್ಲಿ ಅಂಗಳ ಗುಡಿಸಿದವಳು ನಾನು" ಎಂಬ ಉತ್ತರ.

ಮಗಳ ಮದುವೆಯ ಸಾಲ ಇನ್ನೂ ತೀರಿರಲಿಲ್ಲ. ಎರಡು ಸಾವಿರದೊಳಗೆ ಸಿಕ್ಕಿದರೆ ಸರಿ ಎಂದುಕೊಂಡು ಇಬ್ಬರೂ ಚೋರ್ ಬಜಾರಿಗೆ ಹೊರಟೆವು. ಶುಕ್ರವಾರ ಅಲ್ಲಿ ಅಂಗಡಿಗಳು ಮುಚ್ಚಿ, ನಸುಕಿನಲ್ಲೇ ರಸ್ತೆಯ ಮೇಲೆ ಸಂತೆ ಕೂಡುತ್ತದೆ. ಅಗ್ಗ ಅಲ್ಲಿಯೇ. ಆದರೆ ರಸ್ತೆಯಲ್ಲಿ ಪ್ಲಗ್ ಎಲ್ಲಿದೆ? ಓಡಿಸಿ ನೋಡದೆ ಯಂತ್ರ ಕೊಳ್ಳಬಾರದೆಂದು ಶನಿವಾರ ಹೋಗಿ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದೆವು.

ಮಟನ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಗ್ರಾಮಫೋನಿನ ಕೊಳವೆಯ ಪಕ್ಕದಲ್ಲಿ, ಬೆಳ್ಳಿಯಂತೆ ಹೊಳೆಯುವ ಅಮೆರಿಕದ ಯಂತ್ರವೊಂದು ನಿಂತಿತ್ತು. ನಮ್ಮಿಬ್ಬರ ಮನಸ್ಸೂ ಅದರ ಮೇಲೆ ಹೋಯಿತು. ಪುಣ್ಯಕ್ಕೆ, ತಗಡಿನ ಪಟ್ಟಿಯನ್ನು ತಿರುಗಿಸಿ ಓದಿದೆವು: 110 ವೋಲ್ಟ್. ನಮ್ಮ ಮನೆಯ 230 ವೋಲ್ಟಿಗೆ ನೇರವಾಗಿ ಹಾಕಿದರೆ ಅದರ ಮೋಟಾರು ಸುಟ್ಟೇ ಹೋಗುತ್ತದೆ. ಇಲ್ಲವೇ ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರ್ ಒಂದನ್ನು ಕೊಂಡು ಜೊತೆಗೆ ಸಾಕಬೇಕು. "ಚಲ್ ಜಾಯೇಗಾ" ಎಂದ ಅಂಗಡಿಯವನು. ನಡೆಯುವುದು ಯಂತ್ರವಲ್ಲ, ನಾವು ಎಂದುಕೊಂಡು ಮುಂದಿನ ಅಂಗಡಿಗೆ ನಡೆದೆವು.

ಅಲ್ಲಿ ಸಿಕ್ಕಿದ್ದು ಬೂದು ಬಣ್ಣದ, ಎರಡು ಪಟ್ಟಿಗಳ ಮೇಲೆ ಮಲಗಿದ, ಹೊಟ್ಟೆ ನೆಗ್ಗಿದ ಉರುಳೆ. 220 ವೋಲ್ಟಿನದು. ಹತ್ತು ನಿಮಿಷ ಓಡಿಸಲು ಹೇಳಿ ಕೊಳವೆಯ ಬಾಯಿಗೆ ಅಂಗೈ ಹಿಡಿದೆವು. ಚರ್ಮವನ್ನು ಚೆನ್ನಾಗಿಯೇ ಎಳೆಯಿತು. ಸುಟ್ಟ ವಾಸನೆ ಬರಲಿಲ್ಲ. ತಂತಿಯ ರಬ್ಬರು ಮಾತ್ರ ಒಣಗಿದ ಹಪ್ಪಳದಂತೆ ಬಿರುಕು ಬಿಟ್ಟಿತ್ತು. ಆ ಬಿರುಕನ್ನು ತೋರಿಸಿಯೇ ಎರಡು ಸಾವಿರದ ಇನ್ನೂರನ್ನು ಒಂಬೈನೂರಕ್ಕೆ ಇಳಿಸಿದೆವು. ಲೋಕಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದ ಕಥೆ ಇಲ್ಲಿ ಬೇಡ.

ಮಿಕ್ಸರ್ ರಿಪೇರಿಯವನು ಸವೆದ ಕಾರ್ಬನ್ ಬ್ರಷ್ ಬದಲಿಸಿದ, ಹೊಸ ತಂತಿಯೂ ಮೂರು ಪಿನ್ನಿನ ಪ್ಲಗ್ಗೂ ಹಾಕಿದ. ಮೈಯೆಲ್ಲ ಲೋಹ, ಅರ್ಥಿಂಗ್ ಇಲ್ಲದೆ ಮುಟ್ಟಬೇಡಿ ಎಂದ. ನಾನೂರೈವತ್ತು ರೂಪಾಯಿ. ಲೆಕ್ಕ ಇನ್ನೂ ಎರಡು ಸಾವಿರದೊಳಗೇ ಇತ್ತು. ನಾವು ಬೀಗಿದೆವು.

ಬೀಗಿದ್ದು ಒಂದೇ ದಿನ. ಭಾನುವಾರ ಬೆಳಿಗ್ಗೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಹಾಸಿಗೆಯ ಮೇಲೆಯೇ ಯಂತ್ರ ಓಡಿಸಿದೆವು. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಪ ಹಾಕಿದಂತೆ ಏನೋ ಏಳುತ್ತಿತ್ತು. ಯಂತ್ರದ ಹಿಂಬದಿಯಿಂದ! ಅದರ ಒಳಗಿದ್ದದ್ದು ಬಟ್ಟೆಯ ಚೀಲ. ನೂಲು, ಕೂದಲು, ಮರಳು ಅದರಲ್ಲಿ ನಿಲ್ಲುತ್ತವೆ. ಎದೆಗಿಳಿಯುವ ನವಿರಾದ ಧೂಳು ನೆಯ್ಗೆಯ ಸಂದಿನಿಂದ ಹೊರಗೆ ಬರುತ್ತದೆ. ವೋಲ್ಟ್ ನೋಡಿದೆವು, ತಂತಿ ನೋಡಿದೆವು, ಚೀಲವನ್ನು ಬಿಚ್ಚಿ ನೋಡಲಿಲ್ಲ. ಆ ರಾತ್ರಿ ಅಮ್ಮನ ಬೆನ್ನಿಗೆ ದಿಂಬು ಕೊಟ್ಟು, ಪಂಪು ಹಿಡಿದುಕೊಂಡು ಇಬ್ಬರೂ ಬೆಳಗಿನ ತನಕ ಕುಳಿತೆವು. ಮೂಲೆಯಲ್ಲಿದ್ದ ಒಂಬೈನೂರು ರೂಪಾಯಿಯನ್ನು ನೋಡಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಇದರ ಮೂಲಪುರುಷರಲ್ಲೊಬ್ಬನೂ ಉಬ್ಬಸದವನೇ ಎಂದು ಆಮೇಲೆ ಓದಿದೆವು. ಅಮೆರಿಕದ ಓಹಿಯೊದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಧೂಳು ತಾಳಲಾರದೆ 1907ರಲ್ಲಿ ಫ್ಯಾನಿನ ಮೋಟಾರಿಗೆ ಪೊರಕೆಯ ಕೋಲನ್ನೂ ದಿಂಬಿನ ಚೀಲವನ್ನೂ ಸೇರಿಸಿ ಯಂತ್ರ ಮಾಡಿದ. 1908ರಲ್ಲಿ ಪೇಟೆಂಟ್ ಪಡೆದು, ಚರ್ಮದ ವ್ಯಾಪಾರಿ ಹೂವರ್‌ಗೆ ಮಾರಿದ. ದಿಂಬಿನ ಚೀಲದಿಂದ ಅವನಿಗೆಷ್ಟು ಧೂಳು ಮರಳಿ ಬಂತೋ!

ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಹೊಸ ಯಂತ್ರಗಳಿಗೆಂದು ಮಾರುವ ಕಾಗದದ ಚೀಲ ತಂದು, ರಟ್ಟಿನ ಕೊರಳನ್ನು ಕತ್ತರಿಸಿ, ಹಳೆಯ ಚೀಲದೊಳಗೆ ಕೂರಿಸಿದೆವು. ಕೊಳವೆ ಉದ್ದವಿದ್ದುದರಿಂದ ಉರುಳೆಯನ್ನು ಬಾಲ್ಕನಿಯಲ್ಲಿಟ್ಟು, ಅದರ ಬೆನ್ನನ್ನು ರಸ್ತೆಗೆ ತಿರುಗಿಸಿ, ಕೊಳವೆ ನುಸುಳುವಷ್ಟೇ ಬಾಗಿಲು ತೆರೆದೆವು. ಮಳೆಗಾಲದಲ್ಲಿ ಮಾತ್ರ ಈ ಏರ್ಪಾಟು ನಡೆಯುವುದಿಲ್ಲ. ಚೀಲ ಬದಲಿಸುವಾಗ ಅಮ್ಮ ಅಡಿಗೆಮನೆ ಬಿಟ್ಟು ಬರಕೂಡದು.

ಮೊದಲ ವಾರ ಅಮ್ಮ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಎರಡನೆಯ ವಾರ ರಾತ್ರಿ ಒಂದೇ ಸಲ ಎದ್ದರು. ಮೂರನೆಯ ಭಾನುವಾರ ಸದ್ದು ನಿಂತ ಕೂಡಲೇ ಅಡಿಗೆಮನೆಯಿಂದ ಬಂದು, ಚಪ್ಪಲಿ ಕಳಚಿ, ಬರಿಗಾಲಿನಿಂದ ನೆಲವನ್ನು ಉದ್ದಕ್ಕೂ ಸವರಿ ನೋಡಿದರು.

"ಮಂಚದ ಕಾಲಿನ ಹತ್ತಿರ ಇನ್ನೂ ಉಂಟು ಮಾರಾಯ. ಇನ್ನೊಮ್ಮೆ ತಿರುಗಿಸು" ಎಂದರು.