ಗುಂಡಗಿರುವ ತನಕ ಟೈರು

ಟೈರ್ ಅಂಗಡಿಯ ಮುಂದೆ ಟೂರಿಂಗ್ ಬೈಕೊಂದು ಬಂದು ನಿಂತರೆ ಸವಾರ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕಿಲೋಮೀಟರ್ ಬರುತ್ತೆ?’. ಅಂಗಡಿಯವರು ಹೇಳುವ ಅಂಕಿ ದೊಡ್ಡದಾದಷ್ಟೂ ಟೈರು ಒಳ್ಳೆಯದು ಎಂಬ ತೀರ್ಮಾನ ಅಲ್ಲೇ ಆಗಿಹೋಗುತ್ತದೆ. ಚಪ್ಪಲಿ ಕೊಳ್ಳುವವರು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳುವುದು ಸರಿಯೇ. ಆದರೆ ಚಾಕು ಕೊಳ್ಳುವವರು ಹರಿತ ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳುತ್ತಾರೆಯೇ ಹೊರತು, ಅಲಗು ಸವೆದು ಮುಗಿಯಲು ಎಷ್ಟು ವರ್ಷ ಬೇಕು ಎಂದು ಕೇಳುವುದಿಲ್ಲ. ಸ್ಪೋರ್ಟ್ ಟೂರಿಂಗ್ ಟೈರು ಚಾಕುವಿನ ಜಾತಿಗೆ ಸೇರಿದ್ದು. ಬೆಂಗಳೂರಿನಿಂದ ಬೆಳಗಾವಿಯ ತನಕ ನೆಟ್ಟಗೆ ಓಡಬೇಕು, ಅಲ್ಲಿಂದ ಘಾಟಿ ಇಳಿಯುವಾಗ ಸವಾರ ನೋಡಿದ ಕಡೆಗೆ ನಿರಾಯಾಸವಾಗಿ ವಾಲಬೇಕು ಎಂದು ಎರಡು ಕೆಲಸಕ್ಕೆ ಮಾಡಿದ ಟೈರು ಅದು. ಮೊದಲನೆಯ ಕೆಲಸವನ್ನು ರಬ್ಬರ್ ಇರುವ ಯಾವ ಟೈರೂ ಮಾಡುತ್ತದೆ. ಎರಡನೆಯದಕ್ಕೆ ರಬ್ಬರಿನ ಜೊತೆಗೆ ಆಕಾರವೂ ಬೇಕು. ಹಾಗಾಗಿ ಟೈರಿನ ಆಯಸ್ಸನ್ನು ಕಿಲೋಮೀಟರಿನಲ್ಲಿ ಎಣಿಸಬಾರದು, ಅದು ಗುಂಡಗೆ ಉಳಿದಿರುವ ಅವಧಿಯಲ್ಲಿ ಎಣಿಸಬೇಕು ಎಂಬುದು ನನ್ನ ವಾದ.

ಬೈಕು ತಿರುಗುವುದು ವಾಲಿಕೊಂಡು. ವಾಲಿದಂತೆಲ್ಲ ಟೈರು ನೆಲವನ್ನು ಮುಟ್ಟುವ ಜಾಗ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತಾ ಹೋಗುತ್ತದೆ. ಅಡ್ಡಲಾಗಿ ಕೊಯ್ದು ನೋಡಿದರೆ ಟೈರಿನ ಮೇಲ್ಮೈ ಕಮಾನಿನಂತಿದ್ದಾಗ ಈ ಸರಿಯುವಿಕೆ ಎಣ್ಣೆ ಸವರಿದಷ್ಟು ನಯ. ಆದರೆ ಹೆದ್ದಾರಿಯ ಓಟವೆಲ್ಲ ನಡುಭಾಗದ ಮೇಲೆಯೇ ನಡೆಯುತ್ತದೆ, ಎಂಜಿನ್ನಿನ ಎಳೆತವನ್ನೂ ಅದೇ ಹೊರುತ್ತದೆ. ಹೀಗಾಗಿ ಹಿಂದಿನ ಟೈರು ನಡುವೆ ಸವೆದು ಚಪ್ಪಟೆಯಾಗುತ್ತದೆ. ಎಷ್ಟು ಬೇಗ ಎಂಬುದನ್ನು ಶಾಲೆಯ ರೇಖಾಗಣಿತದಿಂದಲೇ ಲೆಕ್ಕ ಹಾಕಬಹುದು. 180 ಮಿಲಿಮೀಟರ್ ಅಗಲದ ಟೈರಿನ ಕಮಾನಿನ ತ್ರಿಜ್ಯ 90 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ನಡುವೆ ಬರೀ ಮೂರೂವರೆ ಮಿಲಿಮೀಟರ್ ಸವೆದರೆ ಸಾಕು, 5 ಸೆಂಟಿಮೀಟರ್ ಅಗಲದ ಚಪ್ಪಟೆ ಪಟ್ಟಿ ಏಳುತ್ತದೆ. ಆ ಪಟ್ಟಿಯ ಎರಡೂ ಕಡೆ, ಸುಮಾರು 16 ಡಿಗ್ರಿ ವಾಲಿದಾಗ ಸಿಗುವ ಜಾಗದಲ್ಲಿ, ಒಂದೊಂದು ಏಣು ಮೂಡುತ್ತದೆ. ಈಗ ತಿರುವಿಗೆ ಇಳಿಯುವ ಗಾಡಿ ಮೊದಲು ವಾಲಲು ಒಲ್ಲೆ ಎನ್ನುತ್ತದೆ. ಹ್ಯಾಂಡಲ್ ಒತ್ತಿದರೆ ಏಣು ದಾಟಿ ತಟಕ್ಕನೆ ಬೀಳುತ್ತದೆ. ಇಷ್ಟಾದರೂ ಆರು ಮಿಲಿಮೀಟರ್ ಆಳದ ಗೀರುಗಳಲ್ಲಿ ಎರಡೂವರೆ ಇನ್ನೂ ಉಳಿದಿರುತ್ತದೆ. ನಮ್ಮ ಮೋಟಾರು ವಾಹನ ನಿಯಮ ದ್ವಿಚಕ್ರಕ್ಕೆ ಕೇಳುವುದು 0.8 ಮಿಲಿಮೀಟರ್ ಮಾತ್ರ. ಕಾನೂನಿನ ಕಣ್ಣಿಗೆ ಈ ಟೈರು ದಷ್ಟಪುಷ್ಟವಾಗಿದೆ, ತಿರುವಿನ ಪಾಲಿಗೆ ಅದು ಆಗಲೇ ಮುಗಿದಿದೆ.

ಈ ಸವೆತ ದಿನಾ ಓಡಿಸುವವರ ಗಮನಕ್ಕೆ ಬರುವುದಿಲ್ಲ. ದಿನಕ್ಕೊಂದು ಕೂದಲೆಳೆಯಷ್ಟು ಚಪ್ಪಟೆಯಾಗುವ ಟೈರಿಗೆ ಕೈ ದಿನಕ್ಕೊಂದು ಕೂದಲೆಳೆಯಷ್ಟು ಒಗ್ಗಿಕೊಂಡುಬಿಡುತ್ತದೆ. ಹೊಸ ಟೈರು ಹಾಕಿಸಿದವರೆಲ್ಲ ‘ಗಾಡಿಯೇ ಬದಲಾದ ಹಾಗಿದೆ’ ಎಂದು ಬೆರಗಾಗುವುದು ಇದೇ ಕಾರಣಕ್ಕೆ. ಬದಲಾದದ್ದು ಗಾಡಿಯಲ್ಲ, ತಿಂಗಳುಗಟ್ಟಲೆ ಕೈ ಮರೆತಿದ್ದ ಕಮಾನು ಮರಳಿ ಬಂದಿದೆ ಅಷ್ಟೆ. ಇದಕ್ಕೆ ನನಗೆ ಅತ್ಯಂತ ಪ್ರಿಯವಾದ ಉಪಾಯವೊಂದಿದೆ. ಖರ್ಚು ಒಂದು ರಟ್ಟಿನ ತುಂಡು. ಹೊಸ ಟೈರು ಕೂರಿಸಿ ಗಾಳಿ ತುಂಬಿದ ದಿನವೇ, ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಟೈರಿನ ಮೈಗೆ ಅಡ್ಡಲಾಗಿ ಹಿಡಿದು, ಈ ಅಂಚಿನಿಂದ ಆ ಅಂಚಿನವರೆಗೆ ಕಮಾನು ಕೂರುವ ತನಕ ಸ್ವಲ್ಪಸ್ವಲ್ಪವೇ ಕತ್ತರಿಸಬೇಕು. ರಟ್ಟಿನ ಮೇಲೆ ತಾರೀಕು, ಓಡೋಮೀಟರಿನ ಅಂಕಿ ಬರೆದು ಸೀಟಿನ ಕೆಳಗೆ ಇಟ್ಟರಾಯಿತು. ತಿಂಗಳಿಗೊಮ್ಮೆ ಅದೇ ರಟ್ಟನ್ನು ಟೈರಿಗೆ ಹಚ್ಚಿ ಹಿಂದಿನಿಂದ ಟಾರ್ಚ್ ಬಿಡಬೇಕು. ಮೊದಲು ಬೆಳಕೇ ಕಾಣುವುದಿಲ್ಲ. ಆಮೇಲೆ ನಡುವೆ ದಾರದಂಥ ಒಂದು ಗೆರೆ. ಬರಬರುತ್ತಾ ಅದು ಎಳೆಯ ಚಂದ್ರನಂತೆ ತುಂಬಿಕೊಳ್ಳುತ್ತದೆ. ಮುಂದಿನ ಟೈರಿಗೆ ಬೇರೆಯೇ ರಟ್ಟು ಬೇಕು, ಏಕೆಂದರೆ ಅದು ಸಾಮಾನ್ಯವಾಗಿ ನಡುವಿಗಿಂತ ಪಕ್ಕಗಳಲ್ಲಿ ಸವೆಯುತ್ತದೆ, ಬೆಳಕು ಅಲ್ಲಿ ಎರಡು ಕಡೆ ಇಣುಕುತ್ತದೆ. ಗೀರಿನ ಆಳ ಅಳೆಯುವ ಉಪಕರಣ ರಬ್ಬರ್ ಎಷ್ಟಿದೆ ಎಂದಷ್ಟೇ ಹೇಳಬಲ್ಲದು. ಟೈರಿನಿಂದ ಏನು ಹೋಗಿದೆ ಎಂದು ಹೇಳುವುದು ಈ ರಟ್ಟು.

ಇದಕ್ಕೆ ಬರುವ ಮೊದಲ ಆಕ್ಷೇಪ ದುಡ್ಡಿನದು, ಮತ್ತು ಅದು ತಳ್ಳಿಹಾಕುವಂಥದ್ದಲ್ಲ. ಒಂದು ಜೊತೆ ಒಳ್ಳೆಯ ರೇಡಿಯಲ್ ಟೈರಿನ ಬೆಲೆ ಸಣ್ಣದಲ್ಲ. ಎರಡೂವರೆ ಮಿಲಿಮೀಟರ್ ರಬ್ಬರ್ ಉಳಿದಿರುವಾಗಲೇ ಬಿಚ್ಚಿಸಿ ಎನ್ನುವುದು, ತಟ್ಟೆಯಲ್ಲಿ ಅನ್ನ ಬಿಟ್ಟು ಏಳಿ ಎಂದಂತೆ ಕೇಳಿಸುತ್ತದೆ. ಆದರೆ ಟೈರು ತಯಾರಿಸುವವರೇ ಈಗ ಯಾವ ಅಳತೆಗೋಲು ಹಿಡಿದಿದ್ದಾರೆ ನೋಡಿ. ಮಿಷೆಲಿನ್ 2018ರಲ್ಲಿ ರೋಡ್ 5 ತಂದಾಗ ಮುಂದಿಟ್ಟ ದೊಡ್ಡ ಮಾತು, ಐದು ಸಾವಿರ ಕಿಲೋಮೀಟರ್ ಓಡಿದ ಮೇಲೂ ಅದು ಒದ್ದೆ ರಸ್ತೆಯಲ್ಲಿ ಹೊಚ್ಚಹೊಸ ಪೈಲಟ್ ರೋಡ್ 4ರಷ್ಟೇ ದೂರದಲ್ಲಿ ನಿಲ್ಲುತ್ತದೆ ಎಂಬುದು. ಅದಕ್ಕಾಗಿ ಅವರು ಗೀರುಗಳನ್ನು ಮೇಲೆ ಕಿರಿದಾಗಿ, ಬುಡದಲ್ಲಿ ಅಗಲವಾಗಿ ಮಾಡಿದರು. ಟೈರು ಸವೆದಂತೆಲ್ಲ ನೀರು ಹೋಗುವ ಕಾಲುವೆ ಹಿಗ್ಗುತ್ತದೆ. ನಡುವೆ ಗಟ್ಟಿ ರಬ್ಬರ್, ಪಕ್ಕಕ್ಕೆ ಮೆತ್ತನೆಯದು ಎಂಬ ಎರಡು ಬಗೆಯ ಮಿಶ್ರಣವೂ ಹೆದ್ದಾರಿಯಲ್ಲಿ ನಡುಭಾಗ ಬೇಗ ಕುಸಿಯದಿರಲಿ, ತಿರುವಿನಲ್ಲಿ ಪಕ್ಕ ಹಿಡಿಯಲಿ ಎಂಬ ಲೆಕ್ಕದಿಂದ ಬಂದದ್ದು. ಇಷ್ಟೆಲ್ಲ ಎಂಜಿನಿಯರಿಂಗ್ ಖರ್ಚಾಗಿರುವುದು ಟೈರು ಹೆಚ್ಚು ದಿನ ಹೊಸದರಂತೆ ನಡೆದುಕೊಳ್ಳಲಿ ಎಂದು. ಆ ಗುಣಕ್ಕೆ ದುಡ್ಡು ಕೊಟ್ಟು, ಗುಣ ಹೋದ ಮೇಲೂ ನಾಲ್ಕು ಸಾವಿರ ಕಿಲೋಮೀಟರ್ ಎಳೆದು, ‘ದುಡ್ಡು ವಸೂಲಾಯಿತು’ ಎನ್ನುವುದು ತಪ್ಪು ಲೆಕ್ಕ. ವಸೂಲಾಗಬೇಕಾದದ್ದು ವಸೂಲಾಗಿ ಆಗಲೇ ಮುಗಿದಿತ್ತು.

ಹಾಗಾದರೆ ತಿರುವೇ ಮುಖ್ಯ ಎನ್ನುವವರು ರೇಸಿನ ಹತ್ತಿರದ ಮೆತ್ತನೆಯ ಸ್ಪೋರ್ಟ್ ಟೈರನ್ನೇ ಹಾಕಿಸಬಹುದಲ್ಲ ಎಂಬುದು ಎರಡನೆಯ ಆಕ್ಷೇಪ. ಮೆತ್ತಗಿರುವುದೆಲ್ಲ ಹಿಡಿಯುತ್ತದೆ ಎಂಬ ನಂಬಿಕೆ ಇದರ ಬುಡದಲ್ಲಿದೆ. ಆ ರಬ್ಬರು ಕೆಲಸಕ್ಕೆ ಬರುವುದು ಕಾದ ಮೇಲೆ. ಜುಲೈ ತಿಂಗಳ ಆಗುಂಬೆಯನ್ನು ನೆನೆಯಿರಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು, ಎದುರಿಗೆ ಮಂಜು, ರಸ್ತೆಯಂಚಿಗೆ ಪಾಚಿ, ಸೋಮೇಶ್ವರಕ್ಕೆ ಇಳಿಯಲು 14 ಹೇರ್‌ಪಿನ್ ತಿರುವು. ಅಲ್ಲಿ ಯಾವ ಟೈರೂ ಕಾಯುವುದಿಲ್ಲ. ತಣ್ಣಗಿದ್ದಾಗಲೂ ಒದ್ದೆ ನೆಲವನ್ನು ಹಿಡಿಯಲೆಂದೇ ಸಿಲಿಕಾ ಹೆಚ್ಚು ಬೆರೆಸಿದ ಟೂರಿಂಗ್ ಟೈರಿನ ಊರು ಅದು. ಅಷ್ಟು ನಿಧಾನದ ತಿರುವಿಗೆ ಆಕಾರ ಏಕೆ ಬೇಕು ಎಂದು ಕೇಳುವವರಿಗೂ ಲೆಕ್ಕವೇ ಉತ್ತರ. ಹತ್ತು ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 25 ಕಿಲೋಮೀಟರಿನಲ್ಲಿ ತೆಗೆದುಕೊಂಡರೂ ಗಾಡಿ 26 ಡಿಗ್ರಿ ವಾಲಲೇಬೇಕು. ಅಂದರೆ ಚಪ್ಪಟೆ ಟೈರಿನವರು ಪ್ರತಿ ಹೇರ್‌ಪಿನ್ನಿನಲ್ಲೂ ಆ 16 ಡಿಗ್ರಿಯ ಏಣನ್ನು ಹೋಗುವಾಗೊಮ್ಮೆ, ಬರುವಾಗೊಮ್ಮೆ ದಾಟುತ್ತಾರೆ. ಅದೂ ಒದ್ದೆಯಲ್ಲಿ, ಬ್ರೇಕ್ ಹಿಡಿದುಕೊಂಡು. ಜಾರುವುದಿದ್ದರೆ ಆಗಲೇ ಜಾರುವುದು.

ಇದರ ಜೊತೆಗೇ ವೇಗದ ಅಕ್ಷರದ ಮೋಹವನ್ನೂ ಬಿಡಬೇಕು. ಟೈರಿನ ಪಕ್ಕೆಯಲ್ಲಿ 73W ಎಂದಿದ್ದರೆ W ಎಂಬುದು 270 ಕಿಲೋಮೀಟರ್ ವೇಗದ ಗುರುತು. ನಮ್ಮಲ್ಲಿ ನಾಲ್ಕು ಪಥದ ಹೆದ್ದಾರಿಯಲ್ಲೂ ಮೋಟಾರ್ ಸೈಕಲ್ಲಿಗೆ ಇರುವ ಮಿತಿ 80. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್‌ನಿಂದ ದ್ವಿಚಕ್ರಗಳಿಗೆ ಪ್ರವೇಶವೇ ಇಲ್ಲ. ನಿಜಕ್ಕೂ ಓದಬೇಕಾದದ್ದು ಪಕ್ಕದ 73 ಎಂಬ ಅಂಕಿ. ಆ ಟೈರು 365 ಕಿಲೋ ಹೊರಬಲ್ಲದು ಎಂದು ಅದರ ಅರ್ಥ. ಹಿಂದೊಬ್ಬರು ಕೂತು, ಎರಡು ಪಕ್ಕ ಪೆಟ್ಟಿಗೆ ತುಂಬಿಸಿ, ಗುಂಡಿಗೆ ಇಳಿದೇಳುವ ಗಾಡಿಗೆ ಬೇಕಾದ ಅಂಕಿ ಅದು. ಅದರ ಜೊತೆಗೆ ನಾಲ್ಕಂಕಿಯ ತಯಾರಿಕೆಯ ಗುರುತನ್ನೂ ಓದಬೇಕು. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ಮಾಡಿದ ಟೈರು. 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ವಿದೇಶಿ ಟೈರು ಬೇಕಾದಾಗ ಬೇಕಾದ ಅಳತೆಯಲ್ಲಿ ಸಿಗುವುದು ಕಷ್ಟವಾಗಿದೆ. ಸಿಕ್ಕಿದ್ದೇ ಭಾಗ್ಯ ಎಂದು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾದ ರಬ್ಬರನ್ನು ಮನೆಗೆ ತರಬಾರದು.

ಈಗ ನನ್ನ ನಿಜವಾದ ಜಗಳ: ದಪ್ಪ ಟೈರಿನವರ ಜೊತೆ. 390 ಡ್ಯೂಕ್‌ಗೆ ಕಾರ್ಖಾನೆಯವರು ಹಿಂದೆ 150/60 ಕೊಟ್ಟಿದ್ದರೆ ಇವರಿಗೆ 160 ಬೇಕು. ಅದೇ ಕಿರಿದಾದ ರಿಮ್ಮಿಗೆ ಅಗಲದ ಟೈರನ್ನು ಒತ್ತಿ ಕೂರಿಸುತ್ತಾರೆ. ಕೇಳಿದರೆ ‘ರೋಡಿಗೆ ಜಾಸ್ತಿ ರಬ್ಬರ್ ತಾಗುತ್ತೆ’ ಎನ್ನುತ್ತಾರೆ. ತಾಗುವುದಿಲ್ಲ! ನೆಲ ಮುಟ್ಟುವ ಜಾಗದ ವಿಸ್ತಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೇಲಿನ ಭಾರ ಮತ್ತು ಒಳಗಿನ ಗಾಳಿ. ಹಿಂದಿನ ಚಕ್ರದ ಮೇಲೆ 150 ಕಿಲೋ ಇದ್ದು ಗಾಳಿ 42 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 3 ಕಿಲೋ ಇದ್ದರೆ, ನೆಲ ಮುಟ್ಟುವುದು 50 ಚದರ ಸೆಂಟಿಮೀಟರಿನ ಆಸುಪಾಸು. ಒಂದು ಎಟಿಎಂ ಕಾರ್ಡಿನ ವಿಸ್ತಾರ 46. ಟೈರು ಎಷ್ಟೇ ದಪ್ಪವಿರಲಿ, ಸವಾರನ ಜೀವ ನಿಂತಿರುವುದು ಹೆಚ್ಚುಕಡಿಮೆ ಒಂದು ಎಟಿಎಂ ಕಾರ್ಡಿನ ಮೇಲೆ. ಅಗಲದ ಟೈರನ್ನು ಕಿರಿದಾದ ರಿಮ್ಮು ಎರಡೂ ಪಕ್ಕದಿಂದ ಹಿಂಡಿದಾಗ ನಡುಭಾಗ ಉಬ್ಬಿ ಮೊನಚಾಗುತ್ತದೆ, ತಯಾರಕರು ಯೋಚಿಸಿ ಕೊಟ್ಟ ಕಮಾನು ಮೊದಲ ದಿನವೇ ಕೆಡುತ್ತದೆ. ಹತ್ತು ಸಾವಿರ ಕಿಲೋಮೀಟರ್ ಓಡಿ ಆಕಾರ ಕೆಟ್ಟರೆ ಅದು ಸವೆತ. ಅಂಗಡಿಯಲ್ಲೇ ಕೆಡಿಸಿಕೊಂಡು ಬರುವುದಕ್ಕೆ ಏನೆನ್ನಬೇಕು? ಸಿಗ್ನಲ್ಲಿನಲ್ಲಿ ಹಿಂದೆ ನಿಂತವರಿಗೆ ದಪ್ಪಗೆ ಕಾಣಲಿ ಎಂಬ ಒಂದೇ ಆಸೆಗೆ ಒಳ್ಳೆಯ ಗಾಡಿಯ ನಡೆಯನ್ನು ಹಾಳು ಮಾಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವ ಮನಸ್ಸೂ ಇಲ್ಲ.

ಆಕಾರವನ್ನು ಕಾಯುವ ಕೆಲಸದಲ್ಲಿ ನಮ್ಮ ಕೈಲಿರುವುದು ಗಾಳಿ. ಸ್ಪೋರ್ಟ್ ಟೂರಿಂಗ್ ವರ್ಗದ ಹಲವು ಗಾಡಿಗಳ ಕೈಪಿಡಿಯಲ್ಲಿ ಮುಂದೆ 36, ಹಿಂದೆ 42 ಎಂದಿರುತ್ತದೆ. ಆ ಅಂಕಿ ತಣ್ಣಗಿರುವ ಟೈರಿನದು. ಬಹಳ ಜನ ಬಂಕಿಗೆ ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ, ಬಿಸಿ ಟೈರಿನಲ್ಲಿ 46 ತೋರಿಸಿತೆಂದು ಗಾಬರಿಯಾಗಿ 42ಕ್ಕೆ ಇಳಿಸಿಬಿಡುತ್ತಾರೆ. ಟೈರು ಆರಿದ ಮೇಲೆ ಅಲ್ಲಿರುವುದು 38. ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಮಡಿಸಿಕೊಳ್ಳುತ್ತದೆ, ಕಾಯುತ್ತದೆ, ಬೇಗ ಸವೆಯುತ್ತದೆ. ಉಷ್ಣಾಂಶದಲ್ಲಿ ಹತ್ತು ಡಿಗ್ರಿ ವ್ಯತ್ಯಾಸವಾದರೆ ಗಾಳಿ ಒಂದೂವರೆಯಿಂದ ಎರಡು ಪಿಎಸ್‌ಐನಷ್ಟು ಆಚೀಚೆಯಾಗುತ್ತದೆ. ಹಾಗೆಂದು ದಾರಿಯುದ್ದಕ್ಕೂ ಗೇಜು ಹಿಡಿದು ಚಿಂತಿಸಬೇಕಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಇಳಿದರೆ ಸುಮಾರು 900 ಮೀಟರ್ ತಗ್ಗು. ಹೊರಗಿನ ವಾತಾವರಣದ ಒತ್ತಡ ಏರುವುದರಿಂದ ಗೇಜು ಸುಮಾರು ಒಂದೂವರೆ ಕಡಿಮೆ ತೋರಿಸಬೇಕು. ಆದರೆ ಕರಾವಳಿಯ ಸೆಕೆ ಹೆಚ್ಚುಕಡಿಮೆ ಅಷ್ಟನ್ನೇ ಏರಿಸುತ್ತದೆ, ಎರಡೂ ಸರಿಹೋಗುತ್ತವೆ. ಸ್ವಂತದ್ದೊಂದು ಗೇಜು ಇಟ್ಟುಕೊಂಡು, ವಾರಕ್ಕೊಮ್ಮೆ ಬೆಳಿಗ್ಗೆ ಗಾಡಿ ಹೊರಡಿಸುವ ಮೊದಲು ನೋಡಿದರೆ ಸಾಕು.

ಕೊನೆಯ ಆಕ್ಷೇಪ ಇದು: ವರ್ಷದ ಹೆಚ್ಚಿನ ಓಟ ನೇರ ಹೆದ್ದಾರಿಯಲ್ಲೇ ಆಗುವಾಗ, ಅಪರೂಪದ ಘಾಟಿಗೋಸ್ಕರ ಟೈರು ಬದಲಿಸಬೇಕೇ? ಇದಕ್ಕೆ ನನ್ನ ಉತ್ತರ ಪಂಚಾಂಗದಲ್ಲಿದೆ. ಅರ್ಧ ಚಪ್ಪಟೆಯಾದ ಟೈರು ಅಕ್ಟೋಬರಿನಿಂದ ಮೇ ತನಕ ಒಣ ಹೆದ್ದಾರಿಯಲ್ಲಿ ಹೇಗೋ ನಡೆಯುತ್ತದೆ. ಅಲ್ಲಿ ಆಗುವ ನಷ್ಟ ಸವಾರಿಯ ಸುಖದ್ದು, ಅದನ್ನು ಸಹಿಸಬಹುದು. ಅದೇ ಟೈರು ಜೂನ್‌ನಲ್ಲಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ನಷ್ಟ ಬೇರೆ ಥರದ್ದು. ಅಗಲವಾದ ಚಪ್ಪಟೆ ಪಟ್ಟಿ ನೀರನ್ನು ಸೀಳುವುದಿಲ್ಲ, ತುಳಿಯುತ್ತದೆ. ನಮ್ಮಲ್ಲಿ ಹಲವರು ಮಾಡುವುದು ಇದರ ತಿರುಗಾಮುರುಗಾ. ಸವೆದ ಟೈರಿನಲ್ಲೇ ಮಳೆಗಾಲ ದೂಡಿ, ಮಳೆ ನಿಂತ ಮೇಲೆ ದಸರಾ ರಜೆಯ ಪ್ರವಾಸಕ್ಕೆಂದು ಹೊಸ ಜೊತೆ ಹಾಕಿಸುತ್ತಾರೆ. ಹೊಸ ಟೈರಿನ ಅತ್ಯುತ್ತಮ ದಿನಗಳೆಲ್ಲ ಒಣ ಹೆದ್ದಾರಿಗೆ ಹೋಗುತ್ತವೆ, ಮುಂದಿನ ಮುಂಗಾರಿಗೆ ಉಳಿಯುವುದು ಮತ್ತೆ ಚಪ್ಪಟೆ. ರೈತರು ಬಿತ್ತನೆಗೆ ಮಳೆ ನಕ್ಷತ್ರ ಎಣಿಸುವಂತೆ ಸವಾರರೂ ಎಣಿಸಬೇಕು. ರೋಹಿಣಿಯಲ್ಲಿ ರಟ್ಟನ್ನು ಟೈರಿಗೆ ಹಚ್ಚಿ ನೋಡಿ, ಬೆಳಕು ಬೆರಳುಗಲ ಕಂಡರೆ ಮೃಗಶಿರ ಹಿಡಿಯುವ ಮುಂಚೆ ಬದಲಿಸಬೇಕು. ಹೊಸ ರಬ್ಬರಿನ ಮೇಲ್ಮೈಯ ಜಾರು ಹೋಗುವ ತನಕ, ಮೊದಲ ನೂರು ಕಿಲೋಮೀಟರನ್ನು ಒಣ ರಸ್ತೆಯಲ್ಲಿ ಮೆಲ್ಲಗೆ ಓಡಿಸಿಕೊಳ್ಳಲು ಆಗ ಇನ್ನೂ ನಾಲ್ಕು ಬಿಸಿಲಿನ ದಿನ ಉಳಿದಿರುತ್ತವೆ.