ನ್ಯೂಟ್ರಲ್ ಹಾಕಿದರೆ ಸಾಕೇ?

1996ರ ಬೇಸಿಗೆ. ಮೂಡಲಗಿಯ ಟ್ಯಾಕ್ಸಿ ಚಾಲಕರೊಬ್ಬರು ತಮ್ಮ ಹಳೆಯ ಅಂಬಾಸಿಡರ್ ಕಾರಿನಲ್ಲಿ ಮದುವೆಯ ಬೀಗರನ್ನು ಹುಕ್ಕೇರಿಗೆ ಮುಟ್ಟಿಸಿ ಊರಿಗೆ ಮರಳುತ್ತಿದ್ದರು. ಪಕ್ಕದ ಸೀಟಿನಲ್ಲಿ ಅವರ ಮಗ. ಪಿಯುಸಿ ಆಗಷ್ಟೇ ಮುಗಿಸಿದ್ದ. ಬೆಳಗಾವಿಯಲ್ಲಿ ಡಿಪ್ಲೊಮಾಕ್ಕೆ ಸೇರುವುದೆಂದು ನಿಶ್ಚಯವಾಗಿತ್ತು. ಅದಕ್ಕೆಂದು ಕೂಡಿಟ್ಟ ಹಣ ಮನೆಯ ಟ್ರಂಕಿನಲ್ಲಿತ್ತು.

ಹುಕ್ಕೇರಿ ಬಿಟ್ಟು ಸ್ವಲ್ಪ ದೂರ ಬರುವುದರೊಳಗೆ ಬಾನೆಟ್ಟಿನಿಂದ ಉಗಿ ಎದ್ದಿತು. ವಾಟರ್ ಪಂಪು ಕೈಕೊಟ್ಟಿತ್ತು. ಅಂಥ ದೊಡ್ಡ ರಿಪೇರಿಯೇನಲ್ಲ. ಆದರೆ ಎಂಜಿನ್ ಚಾಲೂ ಮಾಡುವಂತಿರಲಿಲ್ಲ. ಅಷ್ಟರಲ್ಲಿ ಪರಿಚಯದ ಲಾರಿಯೊಂದು ಬಂದು ನಿಂತಿತು. ‘ಮಾಮಾ, ಹಗ್ಗಾ ಕಟ್ರಿ. ಸೀದಾ ಮೂಡಲಗಿಗೇ ಒಯ್ದು ಬಿಡತೇನಿ’ ಎಂದ ಲಾರಿಯ ಹುಡುಗ. ಬೇಡವೆನ್ನಲು ಕಾರಣವೇ ಇರಲಿಲ್ಲ.

ಹಗ್ಗ ಬಿಗಿಯುವಾಗ ಮಗ ಒಂದು ಮಾತು ಕೇಳಿದ. ‘ಅಪ್ಪಾ, ಹಿಂದಿನ ಗಾಲಿ ತಿರುಗಿದ್ರ ಗೇರ್ ಬಾಕ್ಸಿನ್ಯಾಗೂ ಏನರ ತಿರಗತೈತೇನು?’

‘ನ್ಯೂಟ್ರಲ್ ಹಾಕೇನಲ್ಲೋ. ಸುಮ್ಮ ಕುಂದ್ರು’ ಎಂದರು ತಂದೆ. ಹುಡುಗ ಸುಮ್ಮನಾದ. ಲಾರಿ ತನ್ನ ಎಂದಿನ ವೇಗದಲ್ಲೇ ಹೊರಟಿತು. ಘಟಪ್ರಭಾ ದಾಟಿ, ಗೋಕಾಕ ದಾಟಿ, ಐವತ್ತು ಕಿಲೋಮೀಟರಿಗೂ ಮಿಕ್ಕಿ ಕಾರು ಅದರ ಹಿಂದೆ ಓಡಿತು.

ಮರುದಿನ ಪಂಪು ಬದಲಾಯಿತು. ಗಾಡಿ ಚಾಲೂ ಆಯಿತು. ನಾಲ್ಕು ದಿನ ಕಳೆಯುವುದರೊಳಗೆ ಗೇರ್ ಬಾಕ್ಸಿನಿಂದ ಗೊಂಯ್ ಎಂಬ ಸದ್ದು. ಆಮೇಲೆ ಗೇರು ತಾನಾಗಿಯೇ ಜಾರತೊಡಗಿತು. ಗ್ಯಾರೇಜಿನ ಮಿಸ್ತ್ರಿ ಬಿಚ್ಚಿ ನೋಡಿದರೆ, ಒಳಗಿನ ಬುಷ್ ಮತ್ತು ಬೇರಿಂಗು ಕಾದು ನೀಲಿಗಟ್ಟಿದ್ದವು. ‘ಗಾಡಿ ಎಲ್ಲಿಂದರ ಎಳಸ್ಕೊಂಡು ಬಂದ್ರೇನು?’ ಎಂಬುದೇ ಅವರ ಮೊದಲ ಪ್ರಶ್ನೆ.

ಆದದ್ದಿಷ್ಟು. ಅಂಬಾಸಿಡರಿನಲ್ಲಿ ಎಂಜಿನ್ನು ಮುಂದಿದ್ದರೂ ಗಾಡಿಯನ್ನು ನೂಕುವುದು ಹಿಂದಿನ ಗಾಲಿಗಳು. ಗೇರ್ ಬಾಕ್ಸಿನಿಂದ ಹೊರಟ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಕಾರಿನ ಹೊಟ್ಟೆಯ ಕೆಳಗೆ ಸಾಗಿ ಹಿಂದಿನ ಡಿಫರೆನ್ಷಿಯಲ್ಲಿಗೆ ಸೇರುತ್ತದೆ. ಎಂಜಿನ್ ನಡೆಯುವಾಗ ಶಕ್ತಿ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಕಾರನ್ನು ಎಳೆಯುವಾಗ ಎಲ್ಲವೂ ತಿರುವುಮುರುವು: ಗಾಲಿ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟು ಗೇರ್ ಬಾಕ್ಸಿನ ಹಿಂಭಾಗವನ್ನು ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ನಿನ ಸಂಬಂಧ ಕಡಿಯುತ್ತದೆಯೇ ಹೊರತು ಗಾಲಿಯ ಸಂಬಂಧ ಕಡಿಯುವುದಿಲ್ಲ.

ತಿರುಗಿದರೆ ತಿರುಗಲಿ, ನಷ್ಟವೇನು? ಇಂಥ ಗೇರ್ ಬಾಕ್ಸಿನಲ್ಲಿ ತಳದ ಎಣ್ಣೆಯನ್ನು ಮೇಲಕ್ಕೆ ಎರಚುವುದು ಎಂಜಿನ್ನಿನೊಂದಿಗೆ ತಿರುಗುವ ಲೇ ಶಾಫ್ಟಿನ ಹಲ್ಲುಗಳು. ಎಂಜಿನ್ ನಿಂತಾಗ ಅದೂ ನಿಲ್ಲುತ್ತದೆ. ಮೇಲಿನ ಶಾಫ್ಟು ಒಣಒಣವಾಗಿ ಉಜ್ಜುತ್ತದೆ. ಆ ಕಾರಿನಲ್ಲಂತೂ ಸೀಲು ಸೋರಿ ಎಣ್ಣೆಯೇ ಕಡಿಮೆಯಾಗಿತ್ತು. ಮಿಸ್ತ್ರಿ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು. ‘ಅಣ್ಣಾರ, ಕೀಲೆಣ್ಣಿ ಹಾಕದ ಚಕ್ಕಡಿ ಹೊಡೀತೀರೇನು? ಇದೂ ಹಂಗ.’

ತಂದೆ ಒಕ್ಕಲುತನದ ಮನೆಯವರು. ಚಕ್ಕಡಿಯ ಮಾತು ಅವರಿಗೆ ನಾಟಿತು. ಗೇರ್ ಬಾಕ್ಸಿನ ರಿಪೇರಿ ಟ್ರಂಕಿನ ಹಣವನ್ನು ನುಂಗಿತು. ಟ್ಯಾಕ್ಸಿ ನಿಂತರೆ ಮನೆಯೇ ನಿಲ್ಲುವ ಸ್ಥಿತಿ, ಬೇರೆ ದಾರಿಯಿರಲಿಲ್ಲ. ಕೊನೆಗೆ ತಾಯಿಯ ಬೋರಮಾಳ ಗಿರವಿಗೆ ಹೋಗಿ ಮಗನ ಫೀ ತುಂಬಿತು. ಅದು ಮನೆಗೆ ಮರಳಲು ಮೂರು ವರ್ಷ ಹಿಡಿಯಿತು.

ಹಾಗಾದರೆ ಹಿಂಗಾಲಿಯ ನೂಕಿನ ಗಾಡಿಯನ್ನು ಹೇಗೆ ಒಯ್ಯಬೇಕು? ಎಲ್ಲಕ್ಕಿಂತ ಒಳ್ಳೆಯದು ನಾಲ್ಕೂ ಗಾಲಿಗಳನ್ನು ನೆಲದಿಂದ ಬಿಡಿಸಿ ಸಪಾಟು ಲಾರಿಯ ಮೇಲೆ ಹೇರುವುದು. ಎರಡನೆಯದು, ಕ್ರೇನಿನಿಂದ ಹಿಂದಿನ ಗಾಲಿಗಳನ್ನು ಎತ್ತಿ, ಸ್ಟೇರಿಂಗನ್ನು ನೇರವಾಗಿ ಭದ್ರಪಡಿಸಿ ಎಳೆಯುವುದು. ಮುಂಗಾಲಿ ಎತ್ತಿ ಹಿಂಗಾಲಿಯನ್ನು ರಸ್ತೆಗೆ ಬಿಟ್ಟರೆ ತೊಂದರೆ ತಪ್ಪಿದಂತಲ್ಲ. ಇವೆರಡೂ ಸಿಗದಿದ್ದರೆ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚುವುದು. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು. ಮೊದಲು ಗಾಲಿಗಳಿಗೆ ಕಲ್ಲು ಕೊಡಬೇಕು. ಏಕೆಂದರೆ ಶಾಫ್ಟು ಕಳಚಿದ ಮೇಲೆ ಗೇರು ಹಾಕಿದರೂ ಗಾಡಿ ನಿಲ್ಲದು. ಮರಳಿ ಅದೇ ಜಾಗಕ್ಕೆ ಕೂಡಿಸಲು ಅನುಕೂಲವಾಗುವಂತೆ ಎರಡೂ ಕಡೆ ಗುರುತು ಹಾಕಿ ಬೋಲ್ಟ್ ಬಿಚ್ಚಬೇಕು. ಕೆಲವು ಗಾಡಿಗಳಲ್ಲಿ ಶಾಫ್ಟಿನ ಮುಂದಿನ ತುದಿ ಗೇರ್ ಬಾಕ್ಸಿನಿಂದ ಹೊರಬಂದರೆ ಎಣ್ಣೆ ಸುರಿಯುತ್ತದೆ. ಆ ಬಾಯಿಯನ್ನು ಮುಚ್ಚಬೇಕು.

ಏನೂ ಸಾಧ್ಯವಿಲ್ಲವೆಂದಾಗ ಮಾತ್ರ ಹಗ್ಗ. ಅದೂ ಗಾಡಿಯ ಕೈಪಿಡಿ ಹೇಳಿದಷ್ಟೇ ದೂರ, ಅಷ್ಟೇ ವೇಗ. ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಸ್ಟೇರಿಂಗ್ ಲಾಕ್ ತೆಗೆಯಲು ಕೀಲಿ ತಿರುಗಿಸಿರಬೇಕು. ಎಂಜಿನ್ ನಿಂತಾಗ ಈಗಿನ ಗಾಡಿಗಳ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆಂಬುದು ನೆನಪಿರಲಿ. 1989ರ ರಸ್ತೆ ನಿಯಮಾವಳಿ ಎಳೆಯುವ ವೇಗವನ್ನು ಗಂಟೆಗೆ 24 ಕಿ.ಮೀ.ಗೆ, ಎರಡು ಗಾಡಿಗಳ ನಡುವಣ ಅಂತರವನ್ನು 5 ಮೀಟರಿಗೆ ಮಿತಿಗೊಳಿಸಿತ್ತು. 2017ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂದಿದೆ. ಅಂದಿನ ಲಾರಿಯ ಓಟ ಕಾಯಿದೆಗೂ ಒಪ್ಪುವಂಥದ್ದಾಗಿರಲಿಲ್ಲ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆದರೆ ಬೊಲೆರೊ, ಈಕೊ, ಕ್ರೂಸರ್, ಇನ್ನೋವಾ ಕ್ರಿಸ್ಟಾ ಇವೆಲ್ಲ ಹಿಂಗಾಲಿಯ ನೂಕಿನವೇ. ಆಟೋಮ್ಯಾಟಿಕ್ ಗೇರಿನ ಗಾಡಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಸಾಮಾನ್ಯವಾಗಿ ಅವುಗಳಲ್ಲಿ ಎಣ್ಣೆ ಹಾಯಿಸುವ ಪಂಪನ್ನು ಎಂಜಿನ್ನೇ ನಡೆಸುತ್ತದೆ. ಎಂಜಿನ್ ನಿಂತರೆ ಎಣ್ಣೆಯ ಹರಿವೂ ನಿಂತಂತೆ.

ಮಗ ಡಿಪ್ಲೊಮಾ ಮುಗಿಸಿ ಕೆಲಸ ಹಿಡಿದ. ಆ ದಿನದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ತಂದೆ ‘ನಿನ್ನ ಮಾತು ಕೇಳಬೇಕಿತ್ತು’ ಎಂದವರಲ್ಲ. ಮಗ ‘ನಾನು ಹೇಳಿದ್ದೆ’ ಎಂದವನಲ್ಲ. ಹಲವು ವರ್ಷಗಳ ಮೇಲೆ ಗೋಕಾಕದ ಹತ್ತಿರ ಅವರ ಟ್ರ್ಯಾಕ್ಸ್ ಕೆಟ್ಟು ನಿಂತಿತು. ರಜೆಗೆ ಬಂದಿದ್ದ ಮಗ ಜತೆಗಿದ್ದ. ಎಳೆಯಲು ಟ್ರ್ಯಾಕ್ಟರು ಬಂತು. ತಂದೆ ಗಾಲಿಗಳಿಗೆ ಕಲ್ಲು ಕೊಟ್ಟರು, ಗೋಣಿತಾಟು ಹಾಸಿ ಗಾಡಿಯ ಕೆಳಗೆ ಮಲಗಿದರು, ಸುಣ್ಣದಿಂದ ಗುರುತು ಹಾಕಿ ಶಾಫ್ಟಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದರು. ಹೊರಬಂದು ಕೈ ಒರೆಸಿಕೊಳ್ಳುತ್ತ ಮಗನ ಮುಖ ನೋಡಿದರು.

‘ಒಮ್ಮೆ ನೋಡೋ ತಮ್ಮಾ, ಒಳಗ ಇನ್ನ ಏನರ ತಿರಗತೈತೇನು?’

ಮಗ ಬಗ್ಗಿ ನೋಡಿದ. ‘ಇಲ್ಲಪ್ಪಾ, ಇನ್ನ ಎಳೀಲಿ’ ಎಂದ.